ಗೊಂಬೆಮನೆಯ ಪರದೆ ತಾನಾಗಿ ಇಳಿಬೀಳುವುದಿಲ್ಲ

ಗೊಂಬೆಮನೆಗಳಿಗೆ ಮಂಚ, ಕುರ್ಚಿ, ಹಾಸಿಗೆ, ಪರದೆ ಮಾಡಿಕೊಡುವುದು ನನ್ನ ಕಸುಬು. ಹೊಸದಾಗಿ ಕೈ ಹಾಕುವವರು ನನ್ನಲ್ಲಿ ಬಹುಮಟ್ಟಿಗೆ ಮರದ ವಿಷಯವನ್ನೇ ಕೇಳುತ್ತಾರೆ: ಯಾವ ಗರಗಸ, ಯಾವ ಅಂಟು, ಹಲಗೆ ಎಷ್ಟು ತೆಳ್ಳಗಿರಬೇಕು. ಮರದ ಕೆಲಸ ತಾಳ್ಮೆಯಿದ್ದವರಿಗೆಲ್ಲ ಬರುತ್ತದೆ. ನಿಜವಾದ ತಲೆನೋವು ಬಟ್ಟೆಯದು. ಅಳತೆಯನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದರೆ ಮರವನ್ನು ಉದ್ದ, ಅಗಲ, ದಪ್ಪ ಮೂರರಲ್ಲೂ ತೆಗೆದು ಚಿಕ್ಕದು ಮಾಡಬಹುದು. ಬಟ್ಟೆಯ ಉದ್ದ ಅಗಲವಷ್ಟೇ ನಮ್ಮ ಕತ್ತರಿಯ ಕೈಯಲ್ಲಿರುತ್ತದೆ. ಅದರ ದಪ್ಪ, ಪೆಡಸು, ನೂಲಿನ ಗಾತ್ರ ಇದ್ದಲ್ಲೇ ಇರುತ್ತವೆ. ನಾನು ಈ ಕೆಲಸದಲ್ಲಿ ಕಲಿತದ್ದು ಬಹುಪಾಲು ಇದೊಂದು ತೊಡಕಿನ ಸುತ್ತಲೇ ಇದೆ.

ಅಳತೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಅಡಿಗೆ ಒಂದು ಇಂಚು, ಅಂದರೆ 1:12, ಸಂಗ್ರಹಕಾರರ ನಡುವೆ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ. ನಮ್ಮ ಹೊಸ ದೆಹಲಿಯನ್ನು ರೂಪಿಸಿದ ಎಡ್ವಿನ್ ಲುಟೆನ್ಸ್, ಅದೇ ಕಾಲದಲ್ಲಿ ಬ್ರಿಟನ್ನಿನ ರಾಣಿ ಮೇರಿಗಾಗಿ ವಿನ್ಯಾಸ ಮಾಡಿದ ಗೊಂಬೆಮನೆಯೂ ಇದೇ ಅಳತೆಯದು. 1924ರಲ್ಲಿ ಪೂರ್ತಿಯಾದ ಅದನ್ನು ಇಂದಿಗೂ ವಿಂಡ್ಸರ್ ಅರಮನೆಯಲ್ಲಿ ನೋಡಬಹುದು. ಅಡಿ ಮತ್ತು ಇಂಚಿನಲ್ಲೇ ಯೋಚಿಸುವ ನಮ್ಮ ಬಡಗಿಗಳಿಗೆ ಈ ಲೆಕ್ಕ ತಕ್ಷಣ ಹಿಡಿಯುತ್ತದೆ. ಅವರು ಹೇಳುವ ಒಂದು ನೂಲು ಇಂಚಿನ ಎಂಟನೇ ಒಂದು ಭಾಗ. ಹಾಗಾಗಿ ಒಂದೂವರೆ ಇಂಚಿನ ಚೌಕಟ್ಟು ನನ್ನ ಮೇಜಿನ ಮೇಲೆ ಸರಿಯಾಗಿ ಒಂದು ನೂಲು. ಹದಿನೆಂಟು ಇಂಚು ಎತ್ತರದ ಕುರ್ಚಿ ಒಂದೂವರೆ ಇಂಚು, ಮೂವತ್ತು ಇಂಚಿನ ಊಟದ ಮೇಜು ಎರಡೂವರೆ ಇಂಚು.

ಆದರೆ ದಸರೆಗೆ ಗೊಂಬೆ ಕೂರಿಸುವ ಮನೆಗಳಿಂದ ಬೇಡಿಕೆ ಬಂದಾಗ ಈ ಪ್ರಮಾಣವನ್ನು ನೆಚ್ಚಿಕೊಳ್ಳಬಾರದು. ಅಲ್ಲಿನ ಗೊಂಬೆಗಳು ಒಂದೊಂದು ಕಾಲದವು, ಒಂದೊಂದು ಊರಿನವು. ನಾನು ಮೊದಲು ಕೇಳುವುದು ಕುರ್ಚಿಯ ಅಳತೆಯನ್ನಲ್ಲ, ಗೊಂಬೆಯ ಎತ್ತರವನ್ನು. ಐದೂವರೆ ಇಂಚಿನ ಗೊಂಬೆಯಾದರೆ 1:12. ಹನ್ನೊಂದು ಇಂಚಿನದಾದರೆ ಎಲ್ಲವೂ ಅದರ ಎರಡು ಪಟ್ಟು. ಕೂತ ಭಂಗಿಯ ಗೊಂಬೆಯಾದರೆ ಮಂಡಿಯಿಂದ ಪಾದದವರೆಗೆ ಅಳೆದು ಕಳಿಸಿ ಎನ್ನುತ್ತೇನೆ. "ಅಂದಾಜಿಗೆ ಮಾಡಿಕೊಡಿ ಮೇಡಂ, ಗೊಂಬೆ ತಾನೇ" ಎನ್ನುವವರೇ ಆಮೇಲೆ ಪಟ್ಟದ ರಾಣಿಯ ಕಾಲು ನೆಲಕ್ಕೆ ತಾಗುತ್ತಿಲ್ಲವೆಂದು ಫೋಟೋ ಕಳಿಸುವುದು.

ಇನ್ನು ಬಟ್ಟೆ. ಒಂದು ತುಂಡನ್ನು ಮೇಜಿನ ಅಂಚಿನಿಂದ ಮೆಲ್ಲನೆ ಆಚೆಗೆ ಸರಿಸಿ ನೋಡಿ. ಎರಡು ಮೂರು ಸೆಂಟಿಮೀಟರ್ ದಾಟುವವರೆಗೆ ಅದು ಹೆಚ್ಚು ಕಡಿಮೆ ನೆಟ್ಟಗೇ ಇದ್ದು ಆಮೇಲೆ ಬಾಗುತ್ತದೆ. ಏಳಡಿ ಉದ್ದದ ಪರದೆಯಲ್ಲಿ ಈ ಮೊಂಡುತನ ಯಾರಿಗೂ ಕಾಣುವುದಿಲ್ಲ. ಇಡೀ ಪರದೆಯ ಭಾರ ಅದನ್ನು ಕೆಳಗೆ ಎಳೆಯುತ್ತದೆ. ಏಳು ಇಂಚಿನ ಪರದೆಯಲ್ಲಿ ಎಳೆಯಲು ಭಾರವೇ ಇಲ್ಲ. ಮೇಲೆ ಎಷ್ಟೇ ಅಚ್ಚುಕಟ್ಟಾಗಿ ನೆರಿಗೆ ಹಿಡಿದರೂ ಬುಡ ಅಗಲಿಸಿಕೊಂಡು ನಿಲ್ಲುತ್ತದೆ. ಎಷ್ಟು ತೆಳುವಾದ ಮಲ್ ಬಟ್ಟೆ ತಂದರೂ ಈ ಗುಣ ಪೂರ್ತಿ ಹೋಗುವುದಿಲ್ಲ. ಹಾಗಾಗಿ ನಾವು ಮಾಡುವುದು ಪರದೆಯನ್ನಲ್ಲ, ಭಾರವಾದ ಪರದೆ ಇಳಿಬಿದ್ದಾಗ ತಾಳುವ ಆಕಾರವನ್ನು.

ನನ್ನ ಕ್ರಮ ಹೀಗೆ. ಥರ್ಮೋಕೋಲ್ ಹಲಗೆಯ ಮೇಲೆ ಬೆಣ್ಣೆಕಾಗದ ಹಾಸಿ, ಕಿಟಕಿಯ ಅಗಲಕ್ಕೆ ಎರಡೂವರೆ ಪಟ್ಟು ಬಟ್ಟೆ ತೆಗೆದುಕೊಳ್ಳುತ್ತೇನೆ. ಒದ್ದೆ ಮಾಡಿ, ಒಂದೊಂದು ನೆರಿಗೆಯ ಎರಡೂ ಬದಿಗೆ ಮೇಲಿನಿಂದ ಬುಡದವರೆಗೆ ಗುಂಡುಸೂಜಿ ಚುಚ್ಚುತ್ತಾ ಹೋಗಿ, ನೀರು ಬೆರೆಸಿದ ಬಟ್ಟೆಯ ಅಂಟನ್ನು ಸಿಂಪಡಿಸಿ ಒಣಗಲು ಬಿಡುತ್ತೇನೆ. ನೆರಿಗೆಗಳು ಒಂದೇ ಸಮನಾಗಿದ್ದರೆ ತಗಡನ್ನು ಬಗ್ಗಿಸಿ ಇಟ್ಟ ಹಾಗೆ ಕಾಣುತ್ತದೆ. ಅಲ್ಲೊಂದು ಇಲ್ಲೊಂದು ನೆರಿಗೆ ತುಸು ಸೊಟ್ಟಗಿರಬೇಕು. ಮನೆಯಲ್ಲಿ ಸೀರೆಗೆ ಹಾಕುವ ಅನ್ನದ ಗಂಜಿ, ಸಾಬೂದಾನಿ ಗಂಜಿ ಎರಡೂ ನೆರಿಗೆಯನ್ನು ಚೆನ್ನಾಗಿಯೇ ಹಿಡಿಯುತ್ತವೆ. ಆದರೆ ವರ್ಷದಲ್ಲಿ ಹತ್ತು ದಿನ ಹೊರಗಿದ್ದು ಉಳಿದ ಕಾಲವೆಲ್ಲ ಅಟ್ಟದ ಪೆಟ್ಟಿಗೆಯಲ್ಲಿರುವ ವಸ್ತುವಿಗೆ ಗಂಜಿ ಹಾಕುವುದೆಂದರೆ ಜಿರಲೆಗೆ ಊಟ ಬಡಿಸಿದಂತೆ. ಇದೇ ಕಾರಣಕ್ಕೆ ಹಾಸಿಗೆಗೆ ರಾಗಿಯನ್ನೋ ರವೆಯನ್ನೋ ತುಂಬಬಹುದಲ್ಲ ಎಂಬ ಸಲಹೆಗೂ ನಾನು ಒಪ್ಪುವುದಿಲ್ಲ.

ಅಂಚು ಮಡಿಚಿ ಹೊಲಿಯುವ ಅಭ್ಯಾಸವನ್ನು ಇಲ್ಲಿ ಬಿಡಬೇಕು. ಟೈಲರಿಂಗ್ ಕಲಿತು ಬಂದವರಿಗೆ ಇದು ಬಹಳ ಕಷ್ಟ. ಅಂಚು ಮಡಿಚದ ಬಟ್ಟೆ ಅವರ ಕಣ್ಣಿಗೆ ಅರೆಬರೆ ಕೆಲಸ. ಲೆಕ್ಕ ಹಾಕಿ ತೋರಿಸಿದರೆ ಒಪ್ಪುತ್ತಾರೆ. ಬಟ್ಟೆಯ ದಪ್ಪ 0.2 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಎರಡು ಬಾರಿ ಮಡಿಚಿದರೆ ಮೂರು ಪದರ, 0.6 ಮಿಲಿಮೀಟರ್. ನಿಜವಾದ ಮನೆಯ ಅಳತೆಗೆ ತಂದರೆ ಏಳು ಮಿಲಿಮೀಟರ್ ದಪ್ಪದ ಅಂಚು! ಹೊಲಿಗೆ ಯಂತ್ರದ ಎರಡೂವರೆ ಮಿಲಿಮೀಟರ್ ಹೊಲಿಗೆ ಅಲ್ಲಿ ಮೂರು ಸೆಂಟಿಮೀಟರ್ ಉದ್ದದ ಕಚ್ಚಾ ಹೊಲಿಗೆಯಾಗುತ್ತದೆ. ಆದ್ದರಿಂದ ಕತ್ತರಿಸುವ ಗೆರೆಯ ಮೇಲೆ ಮೊದಲೇ ಸೂಜಿಮೊನೆಯಲ್ಲಿ ತೆಳುವಾದ ಅಂಟು ಎಳೆದು, ಒಣಗಿದ ಮೇಲೆ ಆ ಗೆರೆಯಲ್ಲೇ ಕತ್ತರಿಸುತ್ತೇನೆ. ಎಳೆ ಬಿಚ್ಚುವುದಿಲ್ಲ, ಮಡಿಕೆಯ ಉಬ್ಬೂ ಇರುವುದಿಲ್ಲ.

ಬಟ್ಟೆ ಆರಿಸುವಾಗಲೂ ಹನ್ನೆರಡರ ಮಗ್ಗಿ ಬಾಯಲ್ಲಿರಬೇಕು. ಇಂಚಿಗೆ ನೂರು ಎಳೆಯ ನವುರಾದ ಬಟ್ಟೆ ಗೊಂಬೆಯ ಲೋಕದಲ್ಲಿ ಇಂಚಿಗೆ ಎಂಟು ಎಳೆಯದು, ಅಂದರೆ ಹೆಚ್ಚು ಕಡಿಮೆ ಗೋಣಿತಾಟು. ಎರಡು ಸೆಂಟಿಮೀಟರಿನ ಮುದ್ದಾದ ಹೂವು ಅಲ್ಲಿ ಊಟದ ತಟ್ಟೆಯಷ್ಟು ಅಗಲ. ಎರಡು ಮಿಲಿಮೀಟರ್ ಎತ್ತರದ ಮಖಮಲ್ಲಿನ ರೋಮ ಎರಡೂವರೆ ಸೆಂಟಿಮೀಟರಿನ ಹುಲ್ಲು. ಅದರಿಂದ ಮಾಡಿದ ಸೋಫಾದ ಮೇಲೆ ಗೊಂಬೆಯನ್ನು ಕೂರಿಸುವುದಕ್ಕಿಂತ ಮೇಯಲು ಬಿಡುವುದು ವಾಸಿ. ಅಂಗಡಿಯ ಹೊಸ ಬಟ್ಟೆಗಿಂತ, ಒಗೆದು ಒಗೆದು ಸವೆದ ಹಳೆಯ ಪಂಚೆ ನನಗೆ ಹೆಚ್ಚು ಕೆಲಸಕ್ಕೆ ಬಂದಿದೆ. ರೇಷ್ಮೆ ಸೀರೆಯ ಜರಿ ಅಂಚು ನೋಡಲು ಆಸೆ ಹುಟ್ಟಿಸುತ್ತದೆ, ಆದರೆ ಬಾಗುವುದಿಲ್ಲ. ಪಕ್ಕದ ಟೈಲರ್ ಅಂಗಡಿಯಲ್ಲಿ ಲೈನಿಂಗ್ ತುಂಡುಗಳನ್ನು ಒಂದು ಚೀಲಕ್ಕೆ ತುಂಬಿ ನನಗಾಗಿ ಎತ್ತಿಟ್ಟಿರುತ್ತಾರೆ. "ಅಕ್ಕಾ, ಇದರಲ್ಲಿ ಕರವಸ್ತ್ರವೂ ಆಗುವುದಿಲ್ಲವಲ್ಲ" ಎಂಬುದು ಅಲ್ಲಿನ ಹುಡುಗನ ಖಾಯಂ ಮಾತು. ಅವನಿಗೆ ಕರವಸ್ತ್ರವೂ ಆಗದ ತುಂಡಿನಲ್ಲಿ ನನಗೆ ಎರಡು ಮಂಚಕ್ಕಾಗುವಷ್ಟು ಹೊದಿಕೆ ಇರುತ್ತದೆ.

ಭಾರದ ವಿಷಯ ಇನ್ನೂ ಸ್ವಾರಸ್ಯ. ಉದ್ದ, ಅಗಲ, ಎತ್ತರ ಮೂರೂ ಹನ್ನೆರಡು ಪಾಲು ಕುಗ್ಗಿದರೆ ತೂಕ 1,728 ಪಾಲು ಕುಗ್ಗುತ್ತದೆ. ಹನ್ನೆರಡು ಕಿಲೋ ಹತ್ತಿಯ ಹಾಸಿಗೆ ಇಲ್ಲಿ ಏಳು ಗ್ರಾಂ. ಅದಕ್ಕೆ ಹತ್ತಿ ತುಂಬಿದರೆ ಅಂಚುಗಳು ದುಂಡಗೆ ಉಬ್ಬಿ, ಹಾಸಿಗೆ ಮಂಚದ ಮೇಲೆ ಒರಗದೆ ಸುಮ್ಮನೆ ಕೂತಿರುತ್ತದೆ. ಅದಕ್ಕೇ ಒಳಗೊಂದು ತೆಳು ಚೀಲದಲ್ಲಿ ತೊಳೆದು, ಒಣಗಿಸಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ನಯವಾದ ಮರಳು. ಅದರ ಮೇಲೆ ಒಂದು ಪದರ ಹತ್ತಿ. ಮರಳಿನ ಹಾಸಿಗೆ ಮಂಚದ ಅಂಚಿಗೆ ಹೊಂದಿಕೊಂಡು ಬಾಗುತ್ತದೆ, ದಿಂಬಿನ ನಡುವೆ ಬೆರಳಿನಿಂದ ಒತ್ತಿದ ತಗ್ಗು ಹಾಗೇ ಉಳಿಯುತ್ತದೆ. ತಲೆಯಿಟ್ಟ ತಗ್ಗು ಕಂಡರೆ ನೋಡುವವರಿಗೆ ಅದು ಆಟಿಕೆ ಎನ್ನಿಸುವುದಿಲ್ಲ. ಕೆದರಿದ ಹೊದಿಕೆ ಬೇಕೆಂದರೆ ಎರಡು ಪದರದ ನಡುವೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸೇರಿಸುತ್ತೇನೆ. ಹೇಗೆ ಮುದುರಿದರೆ ಹಾಗೆ ನಿಲ್ಲುತ್ತದೆ.

ತೂಗುಮಂಚದಲ್ಲಂತೂ ಭಾರವಿಲ್ಲದೆ ಕೆಲಸವೇ ಆಗದು. ಸಣ್ಣ ಹಿತ್ತಾಳೆ ಸರಪಳಿಗಳ ಕೊಂಡಿಗಳು ಒಂದಕ್ಕೊಂದು ಉಜ್ಜುವ ಬಿಗಿಗೇ ಹಲಗೆ ಸೋತು, ನಾಲ್ಕು ಸರಪಳಿಯೂ ನಾಲ್ಕು ದಿಕ್ಕಿಗೆ ಸೊಟ್ಟಗೆ ನಿಲ್ಲುತ್ತವೆ. ಇಪ್ಪತ್ತೈದು ಕಿಲೋ ಹಲಗೆ ಲೆಕ್ಕದ ಪ್ರಕಾರ ಹದಿನಾಲ್ಕು ಗ್ರಾಂ ಚಿಲ್ಲರೆ ಇರಬೇಕು. ನಾನು ಲೆಕ್ಕವನ್ನು ಪಕ್ಕಕ್ಕಿಟ್ಟು ಹಲಗೆಯ ಅಡಿಯನ್ನು ಕೊರೆದು ಕಬ್ಬಿಣದ ಪಟ್ಟಿ ಕೂರಿಸಿ ಅದರ ಮೂರು ನಾಲ್ಕು ಪಟ್ಟು ತೂಕ ಮಾಡುತ್ತೇನೆ. ಆಗ ಸರಪಳಿ ನೇರವಾಗುತ್ತದೆ, ತಳ್ಳಿದರೆ ತೂಗುತ್ತದೆ. ತೂಗುವುದು ಮಾತ್ರ ನಿಜವಾದ ತೂಗುಮಂಚಕ್ಕಿಂತ ಬಹಳ ಚುರುಕು. ಸರಪಳಿ ಗಿಡ್ಡವಾದಷ್ಟೂ ತೂಗಾಟ ಬೇಗ. ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಕೆಲವು ವಸ್ತುಗಳು ಈ ಅಳತೆಗೆಂದೇ ಹುಟ್ಟಿದಂತೆ ಒದಗಿಬರುತ್ತವೆ. ಮೂರು ಇಂಚಿನ ನವಾರ ಪಟ್ಟಿಗೆ ಆರು ಮಿಲಿಮೀಟರಿನ ಹತ್ತಿಯ ಟೇಪು ಸರಿಯಾಗಿ ಹೊಂದುತ್ತದೆ. ನವಾರ ಮಂಚ ಅದಕ್ಕೇ ನನಗೆ ಇಷ್ಟದ ಕೆಲಸ. ಕಸೂತಿಯಲ್ಲಿ ಗವಂತಿ ಹೊಲಿಗೆ ಎರಡೂ ಮಗ್ಗುಲಿಗೆ ಒಂದೇ ರೀತಿ ಕಾಣುವುದರಿಂದ, ಆರು ಎಳೆಯ ದಾರದಿಂದ ಒಂದೇ ಎಳೆ ಬೇರ್ಪಡಿಸಿ ದಿಂಬಿನ ಮೇಲೆ ಪುಟ್ಟ ಗೋಪುರವನ್ನು ತೆಗೆಯಬಹುದು. ಮೆಂತಿ ಹೊಲಿಗೆ ಬೇಡ, ದಾರ ಗುಪ್ಪೆಯಾಗುತ್ತದೆ. ಕೌದಿ ಮಾತ್ರ ಸತಾಯಿಸುತ್ತದೆ. ಕೌದಿಯ ಸೊಗಸಿರುವುದೇ ಪದರದ ಮೇಲೆ ಪದರ ಹಾಕುವುದರಲ್ಲಿ ಮತ್ತು ಸಾಲುಸಾಲು ಓಟದ ಹೊಲಿಗೆಯಲ್ಲಿ. ಪದರ ಹಾಕಿದರೆ ಬಾಗುವುದಿಲ್ಲ, ಹಾಕದಿದ್ದರೆ ಕೌದಿಯಲ್ಲ. ನಾನು ಒಂದೇ ಪದರದ ಮೇಲೆ ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿ ಅಂಟಿಸಿ, ಮಿಲಿಮೀಟರ್ ಉದ್ದದ ಹೊಲಿಗೆ ಕೈಯಲ್ಲೇ ಹಾಕುತ್ತೇನೆ. ಉತ್ತರ ಕರ್ನಾಟಕದ ಅಜ್ಜಿಯೊಬ್ಬರು ಕೈಯಲ್ಲಿ ಹಿಡಿದು ತಿರುಗಿಸಿ, "ಬೆಚ್ಚಗಿರುವುದಿಲ್ಲ ಬಿಡವ್ವ" ಎಂದರು. ಅದು ನ್ಯಾಯವಾದ ವಿಮರ್ಶೆ.

ಮರದ ಬಗ್ಗೆ ಎರಡೇ ಮಾತು. ತೇಗದ ರಂಧ್ರಗಳು ಈ ಅಳತೆಗೆ ದೊಡ್ಡವು. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಹಾಲೆ ಮರ ನಯವಾದ ಎಳೆಯದು, ಬಣ್ಣ ಹಾಕಿ ತೇಗವೆನ್ನಿಸುವುದು ಸುಲಭ. ಮಂಚದ ಕಾಲನ್ನು ಕಡೆಸುವಾಗ ಗೀರುಗಳನ್ನು ಬೇಕಾದದ್ದಕ್ಕಿಂತ ತುಸು ಆಳವಾಗಿ ತೆಗೆಸಿ, ಅರಗಿನ ಬಣ್ಣ ಅರ್ಧ ತುಂಬಿಬಿಡುತ್ತದೆ. ಮತ್ತೆ, ಬಣ್ಣ ಮೊದಲು, ಅಂಟು ಆಮೇಲೆ. ಫೆವಿಕಾಲ್ ತಾಗಿದ ಜಾಗ ಬಣ್ಣ ಕುಡಿಯುವುದಿಲ್ಲ.

ಬೆಲೆಯ ಮಾತು ಬಂದಾಗ "ಇಷ್ಟು ಚಿಕ್ಕದಕ್ಕೆ ಇಷ್ಟೊಂದೇ?" ಎನ್ನುವವರು ಇದ್ದೇ ಇರುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ ಮ್ಯೂಸಿಯಂನಲ್ಲಿ ಪೆಟ್ರೊನೆಲ್ಲಾ ಊರ್ಟ್‌ಮನ್ ಎಂಬಾಕೆ 1686ರಿಂದ 1710ರ ಅವಧಿಯಲ್ಲಿ ಮಾಡಿಸಿದ ಗೊಂಬೆಮನೆಯಿದೆ. ಮಕ್ಕಳ ಆಟಕ್ಕಲ್ಲ, ಶ್ರೀಮಂತ ಗೃಹಿಣಿಯ ಹವ್ಯಾಸಕ್ಕೆ. ಆಕೆ ಸುರಿದ ಹಣದಲ್ಲಿ ಅದೇ ಊರಿನ ಕಾಲುವೆಯ ದಂಡೆಯಲ್ಲಿ ನಿಜವಾದ ಮನೆಯನ್ನೇ ಕೊಳ್ಳಬಹುದಿತ್ತಂತೆ. ನಾನು ಅಷ್ಟು ಕೇಳುವುದಿಲ್ಲ. ಆದರೆ ಬೆಲೆಯನ್ನು ಗಾತ್ರ ನೋಡಿ ಹೇಳುವುದೂ ಇಲ್ಲ. ಎಷ್ಟು ಕೂಡು, ಎಷ್ಟು ನೆರಿಗೆ, ಒಣಗಲು ಎಷ್ಟು ಸಲ ಕಾಯಬೇಕು ಎಂದು ಎಣಿಸಿ ಹೇಳುತ್ತೇನೆ. ದಸರೆಯ ಬೇಡಿಕೆಯೆಲ್ಲ ಬರುವುದು ಮಳೆಗಾಲದಲ್ಲಿ, ಒಣಗುವುದಕ್ಕೆ ಆಗ ದುಪ್ಪಟ್ಟು ಸಮಯ. ಅರ್ಧದಷ್ಟು ಚಿಕ್ಕದು, ಅಂದರೆ 1:24ರಲ್ಲಿ ಬೇಕು ಎನ್ನುವವರು ಅರ್ಧ ಬೆಲೆ ನಿರೀಕ್ಷಿಸುತ್ತಾರೆ. ಅವರಿಗೆ ಹೆಚ್ಚೇ ಹೇಳುತ್ತೇನೆ, ಮತ್ತು ಆ ಅಳತೆಯಲ್ಲಿ ಪರದೆಯನ್ನು ಬಟ್ಟೆಯಲ್ಲಿ ಮಾಡುವುದಿಲ್ಲ, ಟಿಶ್ಯೂ ಕಾಗದದಲ್ಲಿ ಮಾಡುತ್ತೇನೆ ಎಂದು ಮೊದಲೇ ತಿಳಿಸುತ್ತೇನೆ.