ತುರ್ತುಕ್‌ನಲ್ಲಿ ಕೇಳಬಾರದ ಪ್ರಶ್ನೆ

ಲಡಾಖ್ ಪ್ರವಾಸದಲ್ಲಿ ಲೇಹ್, ಖರ್ದುಂಗ್ ಲಾ, ಹುಂಡರ್ ಎಲ್ಲ ಆಯಿತು. ಹುಂಡರ್‌ನ ಮರಳು ದಿಬ್ಬ, ಒಂಟೆ ಸವಾರಿ, ಜೋರು ಹಾಡು ನನಗೆ ಹಿಡಿಸಲಿಲ್ಲ. ಬರೆಯಬೇಕು ಅನ್ನಿಸಿದ್ದು ತುರ್ತುಕ್ ಬಗ್ಗೆ ಮಾತ್ರ.

ಶ್ಯೋಕ್ ನದಿಯ ದಂಡೆಯ ಹಳ್ಳಿ ಅದು. ಅಲ್ಲಿನವರು ಬಾಲ್ಟಿಗಳು. ಭಾಷೆ ಟಿಬೆಟನ್ ಬಳಗದ್ದು, ಧರ್ಮ ಇಸ್ಲಾಂ. 1971ರ ಡಿಸೆಂಬರ್ ಯುದ್ಧದವರೆಗೆ ಊರು ಪಾಕಿಸ್ತಾನದ ಕೈಯಲ್ಲಿತ್ತು. ಪ್ರವಾಸಿಗರನ್ನು ಒಳಗೆ ಬಿಟ್ಟಿದ್ದು 2010ರಲ್ಲಿ.

ಹೋಗುವವರು ಪೋಸ್ಟ್‌ಪೇಯ್ಡ್ ಸಿಮ್ ಒಯ್ಯಿರಿ. ಹೊರ ರಾಜ್ಯದ ಪ್ರಿಪೇಯ್ಡ್ ಲಡಾಖಿನಲ್ಲಿ ನಡೆಯಲ್ಲ. ನನಗೆ ಇದು ಗೊತ್ತಿರಲಿಲ್ಲ. ಎರಡು ದಿನ ಅಮ್ಮನಿಗೆ ಫೋನ್ ಇಲ್ಲ, ಮನೆಯಲ್ಲಿ ಎಲ್ಲರಿಗೂ ಗಾಬರಿ. ಕೊನೆಗೆ ಫೋನ್ ಕೊಟ್ಟಿದ್ದು ನಾನು ಉಳಿದಿದ್ದ ಮನೆಯ ಚಾಚಾ.

ಜರ್ದಾಲು (ಏಪ್ರಿಕಾಟ್) ಮರದ ಕೆಳಗೆ ಕೂತಿದ್ದೆವು. ಕಿಸಿರ್ ಬಂತು, ಅಲ್ಲಿ ಬೆಳೆಯುವ ಬಕ್‌ವೀಟ್ ಅನ್ನುವ ಕಾಳಿನ ಹಿಟ್ಟಿನ ದೋಸೆ. ಜೊತೆಗೆ ಮೊಸರು ಪುದೀನದ ಚಟ್ನಿ. ಇಡೀ ಪ್ರವಾಸದಲ್ಲಿ ಅಷ್ಟು ರುಚಿಯಾದ್ದು ಬೇರೇನೂ ತಿನ್ನಲಿಲ್ಲ.

"ಅಮ್ಮ ಸಿಕ್ಕರಲ್ಲ, ಒಳ್ಳೇದಾಯ್ತು" ಅಂದರು ಚಾಚಾ. ಆಮೇಲೆ ಅವರ ಅಣ್ಣನ ಮಾತು ಬಂತು. ಯುದ್ಧದ ಹೊತ್ತಿಗೆ ಅಣ್ಣ ಕೆಲಸಕ್ಕೆಂದು, ಇಂದಿಗೂ ಪಾಕಿಸ್ತಾನದ ಕೈಯಲ್ಲಿರುವ ಸ್ಕರ್ದುಗೆ ಹೋಗಿದ್ದರು. ಅಲ್ಲೇ ಉಳಿದುಬಿಟ್ಟರು. ಅವರನ್ನು ನೋಡದೆಯೇ ಅಪ್ಪ ತೀರಿಕೊಂಡರು. ಇದೇ ನದಿ ಹಿಡಿದು ಕೆಳಗೆ ನಡೆದರೆ ಖಪ್ಲು, ಅದರಾಚೆ ಸ್ಕರ್ದು. ಆದರೆ 2025ರಲ್ಲಿ ಪಂಜಾಬಿನ ಗಡಿ ಮುಚ್ಚುವವರೆಗೆ, ವೀಸಾ ಸಿಕ್ಕರೂ ದೆಹಲಿ, ಆ ಗಡಿ, ಲಾಹೋರ್, ಇಸ್ಲಾಮಾಬಾದ್ ಸುತ್ತಿಯೇ ಹೋಗಬೇಕಿತ್ತು.

ಆಗ ನಾನು ಕೇಳಿಬಿಟ್ಟೆ. "ನೀವು ಯಾವ ದೇಶದವರು ಅಂತ ನಿಮಗನ್ನಿಸುತ್ತೆ ಚಾಚಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬಂದವರೆಲ್ಲ ಇದನ್ನೇ ಕೇಳ್ತಾರೆ ಬೇಟಾ. ನನ್ನ ಮಗ ಸಿಯಾಚಿನ್‌ಗೆ ಸೇನೆಯ ಸಾಮಾನು ಹೊತ್ತಿದ್ದಾನೆ. ನಾನು ಪ್ರತಿ ಸಲ ವೋಟು ಹಾಕಿದ್ದೇನೆ. ನಾನು ಹಿಂದೂಸ್ತಾನಿ. ಬಾಲ್ಟಿಯೂ ಹೌದು. ಅಣ್ಣನೂ ಬಾಲ್ಟಿ. ನಿನ್ನ ಊರಲ್ಲಿ ನಿನ್ನನ್ನು ಹೀಗೆ ಕೇಳ್ತಾರಾ?"

ನನಗೆ ನಾಚಿಕೆಯಾಯಿತು. ನಮ್ಮೂರು ಕಾಸರಗೋಡು ಅಂದೆ. 1956ರಲ್ಲಿ ಅದು ಕೇರಳಕ್ಕೆ ಹೋದದ್ದು, ಕನ್ನಡದ ನಮ್ಮಜ್ಜಿಗೆ ಆ ನೋವು ಕೊನೆವರೆಗೂ ಹೋಗದಿದ್ದದ್ದು, ಎಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

"ಅಜ್ಜಿಯ ಒಡಹುಟ್ಟಿದವರು?"

"ತಂಗಿ ಮಂಗಳೂರಲ್ಲಿದ್ದರು."

"ಹೋಗಿ ಬರ್ತಿದ್ರಾ?"

"ಬಸ್ಸಲ್ಲಿ ಒಂದೂವರೆ ಗಂಟೆ ಚಾಚಾ."

ಅವರು ತಲೆಯಾಡಿಸಿದರು. ಆಮೇಲೆ ಅಣ್ಣ ಕಳಿಸಿದ ವಾಯ್ಸ್ ಮೆಸೇಜ್ ಹಾಕಿದರು. ಬಾಲ್ಟಿ ನನಗೆ ಬರಲ್ಲ. ಗೊತ್ತಾದದ್ದು ಒಂದೇ ಪದ, ಚುಲಿ. ಅಂದರೆ ಜರ್ದಾಲು.

"ಅವರಲ್ಲಿ ಹಣ್ಣಾಗಿದೆಯಂತೆ. ಅಪ್ಪ ನೆಟ್ಟ ಮರದಲ್ಲಿ ಈ ಸಲ ಹೇಗಿದೆ ಅಂತ ಕೇಳ್ತಿದ್ದಾನೆ" ಅಂದರು ಚಾಚಾ. ನಾವು ಕೂತಿದ್ದದ್ದು ಅದೇ ಮರದ ಕೆಳಗೆ.