ಸೆರೆಮನೆಯ ಖರ್ಚಿಗೆ ಅಮ್ಮನ ತೋಟದ ಪಾಲು

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ನಾನು ನೆಲೆಸಿ ಹನ್ನೊಂದು ವರ್ಷಗಳಾದವು. ಕಳೆದ ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ ಸಮೀಪದ ನಮ್ಮ ಮನೆಗೆ ಬಂದಿದ್ದಾಗ, ರಾತ್ರಿ ಅಡಿಕೆ ಸುಲಿಯುವವರ ನಡುವೆ ಕುಳಿತಿದ್ದ ಚಿಕ್ಕಪ್ಪ, ಪತ್ರಿಕೆಯಲ್ಲಿ ಓದಿದ ಒಂದು ವಂಚನೆ ಪ್ರಕರಣವನ್ನು ನೆನೆದು, “ದುಡ್ಡಿದ್ದವನಿಂದ ಜೈಲಿನ ಖರ್ಚನ್ನೂ ವಸೂಲಿ ಮಾಡಬೇಕು ಮಾರಾಯ, ನಮ್ಮ ತೆರಿಗೆಯಲ್ಲಿ ಅವನಿಗೆ ಯಾಕೆ ಊಟ ಹಾಕಬೇಕು?” ಎಂದರು. ಸುತ್ತ ಇದ್ದವರೆಲ್ಲ ಹೌದೆಂದರು. ಊರು ಬಿಡುವ ಮೊದಲಾಗಿದ್ದರೆ ನಾನೂ ಹೌದೆನ್ನುತ್ತಿದ್ದೆ. ಆದರೆ ನಾನಿರುವ ರಾಜ್ಯದಲ್ಲಿ ಅಂಥ ಕಾನೂನು ಕಾಗದದ ಮೇಲೆ ಅಲ್ಲ, ಜನರ ಮನೆಬಾಗಿಲಿನಲ್ಲೇ ಇತ್ತು. ಅದು ಯಾರ ಬಾಗಿಲು ತಟ್ಟಿತೆಂಬುದನ್ನು ಅಲ್ಲಿನ ಪತ್ರಿಕೆಗಳಲ್ಲಿ ಓದಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಕನೆಕ್ಟಿಕಟ್‌ನಲ್ಲಿ 2022ರ ಹೊತ್ತಿಗೆ ಒಬ್ಬ ಕೈದಿಯ ಒಂದು ದಿನದ ಲೆಕ್ಕ 249 ಡಾಲರ್. ಒಂದು ವರ್ಷ ಒಳಗಿದ್ದರೆ 90,885 ಡಾಲರ್ ಬಾಕಿ. ಕೈಯಲ್ಲಿ ಕಾಸಿಲ್ಲದವನಿಂದ ಆ ಕ್ಷಣಕ್ಕೆ ಯಾರೂ ಏನನ್ನೂ ಕಿತ್ತುಕೊಳ್ಳುತ್ತಿರಲಿಲ್ಲ, ನಿಜ. ಆದರೆ ಬಿಡುಗಡೆಯಾಗಿ 20 ವರ್ಷಗಳೊಳಗೆ ಅವನಿಗೆ ತಂದೆತಾಯಿಯ ಆಸ್ತಿ ಬಂದರೆ, ಅದರ ಅರ್ಧದವರೆಗೂ ಸರ್ಕಾರ ತನ್ನ ಹಕ್ಕು ಸ್ಥಾಪಿಸಬಹುದಾಗಿತ್ತು. ಶಿಕ್ಷೆ ಮುಗಿಸಿ, ಕೆಲಸ ಹುಡುಕಿಕೊಂಡು, ಮಕ್ಕಳನ್ನು ಮತ್ತೆ ಹತ್ತಿರ ಕೂಡಿಸಿಕೊಂಡು ಬದುಕುತ್ತಿದ್ದವರಿಗೆ ತಾಯಿ ತೀರಿಕೊಂಡ ದುಃಖದ ನಡುವೆಯೇ ಈ ಬಾಕಿಯ ನೋಟಿಸು ಬರುತ್ತಿತ್ತು.

ಇದನ್ನು ಚಿಕ್ಕಪ್ಪನಿಗೆ ನಮ್ಮೂರಿನ ಮಾತಿನಲ್ಲೇ ವಿವರಿಸಿದೆ. ಎಂದೋ ಮಾಡಿದ ತಪ್ಪಿಗೆ ಎರಡು ವರ್ಷ ಸೋಗಾನೆಯ ಜೈಲಿನಲ್ಲಿದ್ದು ಬಂದ ಒಬ್ಬನಿಗೆ, ಹದಿನೈದು ವರ್ಷಗಳ ನಂತರ ಅಮ್ಮನ ಪಾಲಿನ ಅರ್ಧ ಎಕರೆ ತೋಟ ಬಂದಿತೆಂದುಕೊಳ್ಳಿ. ಖಾತೆ ಬದಲಾಗುವ ಮೊದಲೇ ಪಹಣಿಯ 11ನೇ ಕಾಲಂನಲ್ಲಿ ಜೈಲಿನ ಊಟದ ಸಾಲ ನಮೂದಾಗಿದ್ದರೆ ಹೇಗಿರುತ್ತದೆ? ಸೊಸೈಟಿಯ ಬೆಳೆಸಾಲ ಸಿಗುವುದಿಲ್ಲ, ಮಂಡಿಯವರು ಮುಂಗಡ ಕೊಡಲು ಹಿಂದೆಮುಂದೆ ನೋಡುತ್ತಾರೆ. ತಪ್ಪು ಮಾಡದ ಹೆಂಡತಿ ಮಕ್ಕಳು ಆ ಸಾಲ ತೀರಿಸುತ್ತಾರೆ.

“ನಾನು ಹೇಳಿದ್ದು ಶ್ರೀಮಂತರ ವಿಷಯ” ಎಂದರು ಚಿಕ್ಕಪ್ಪ. ಆಕ್ಷೇಪ ನ್ಯಾಯವಾದದ್ದೇ. ಮಿಷಿಗನ್ ರಾಜ್ಯ 1935ರಲ್ಲೇ ಆಸ್ತಿಯುಳ್ಳ ಕೈದಿಗಳಿಂದ ಖರ್ಚು ವಸೂಲಿ ಮಾಡುವ ಕಾನೂನು ತಂದದ್ದು ಇದೇ ತರ್ಕದ ಮೇಲೆ. ಆದರೆ ಸಂಪತ್ತನ್ನು ಅಳೆಯುವವರು ಯಾರು, ಯಾವ ಕಾಗದ ನೋಡಿ ಅಳೆಯುತ್ತಾರೆ? ನಿಜವಾದ ಶ್ರೀಮಂತನ ಹಣ ಹೆಂಡತಿಯ ಹೆಸರಿನಲ್ಲಿ, ಕಂಪನಿಯ ಹೆಸರಿನಲ್ಲಿ, ಟ್ರಸ್ಟಿನ ಹೆಸರಿನಲ್ಲಿ ಹಂಚಿಹೋಗಿರುತ್ತದೆ. ಅಡಿಕೆ ತೋಟವನ್ನು ಹಾಗೆ ಮುಚ್ಚಿಡಲು ಬರುವುದಿಲ್ಲ, ಅದು ಸರ್ವೆ ನಂಬರಿನ ಸಮೇತ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದರಲ್ಲೂ ಮಲೆನಾಡಿನಲ್ಲಿ ಎಷ್ಟೋ ಮನೆಗಳ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ನಾಲ್ವರು ಅಣ್ಣತಮ್ಮಂದಿರ ಪಾಲಾಗದ ತೋಟದಲ್ಲಿ ಒಬ್ಬನ ಸಂಪತ್ತು ಎಷ್ಟೆಂದು ಹೇಳುವುದಕ್ಕೇ ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಬೇಕು.

ನನ್ನನ್ನು ಹೆಚ್ಚು ಕಾಡುವ ಅಂಶ ಬೇರೆ. ಭಾರತದ ಜೈಲುಗಳಲ್ಲಿರುವವರಲ್ಲಿ ನೂರಕ್ಕೆ ಸುಮಾರು 75 ಮಂದಿ ವಿಚಾರಣಾಧೀನ ಕೈದಿಗಳು, ಅಂದರೆ ಅಪರಾಧ ಸಾಬೀತಾಗದವರು. ಜಾಮೀನು ಮಂಜೂರಾದರೂ ಪಹಣಿ ಹಿಡಿದು ಬಂದು ಸಹಿ ಹಾಕುವವರಿಲ್ಲದೆ ಒಳಗೇ ಉಳಿದವರು ಇವರಲ್ಲಿದ್ದಾರೆ. ಇಂಥವರಿಗಾಗಿಯೇ ಕೇಂದ್ರ ಸರ್ಕಾರ 2023ರಲ್ಲಿ ಒಂದು ಯೋಜನೆ ತಂದು, ಜಾಮೀನಿನ ಹಣ ಕಟ್ಟಲಾಗದ ಬಡ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ, ದಂಡ ಕಟ್ಟಲಾಗದ ಶಿಕ್ಷಿತನಿಗೆ 25,000 ರೂಪಾಯಿವರೆಗೆ ನೆರವು ಗೊತ್ತುಪಡಿಸಿತು. ಹೊರಗೆ ತರಲು ಒಂದು ಕೈಯಿಂದ ಹಣ ಕೊಡುವ ಸರ್ಕಾರ, ಒಳಗಿದ್ದ ದಿನಗಳಿಗೆ ಇನ್ನೊಂದು ಕೈಯಿಂದ ಲೆಕ್ಕ ಬರೆದುಕೊಳ್ಳುವುದನ್ನು ನಾನು ಒಪ್ಪಲಾರೆ. ಹಾಗೆಯೇ, ದಿನಕ್ಕಿಷ್ಟೆಂದು ಹಣ ಕೊಟ್ಟವನು ಅದಕ್ಕೆ ತಕ್ಕ ಕೋಣೆಯನ್ನೂ ಕೇಳುತ್ತಾನೆ; ಕ್ಯಾಲಿಫೋರ್ನಿಯಾದ ಕೆಲವು ನಗರಗಳ ಜೈಲುಗಳಲ್ಲಿ ಸಣ್ಣ ಅಪರಾಧದವರು ಹಣ ಕಟ್ಟಿ ಅನುಕೂಲದ ಕೋಣೆ ಪಡೆಯುವ ಪದ್ಧತಿ ಬೆಳೆದದ್ದೂ ಹೀಗೆಯೇ.

ಸಂಪತ್ತನ್ನು ಲೆಕ್ಕಕ್ಕೆ ಹಿಡಿಯುವುದಾದರೆ ತೀರ್ಪಿನ ದಿನವೇ, ನ್ಯಾಯಾಧೀಶರ ಎದುರೇ ಹಿಡಿಯಬೇಕು. ಫಿನ್ಲೆಂಡ್ 1921ರಿಂದಲೂ ದಂಡವನ್ನು ಅಪರಾಧಿಯ ದಿನದ ಆದಾಯಕ್ಕೆ ತಕ್ಕಂತೆ ವಿಧಿಸುತ್ತಿದೆ. ಕೂಲಿಯವನಿಗೂ ಮಾಲೀಕನಿಗೂ ಹತ್ತು ದಿನದ ದಂಡವೆಂದರೆ ಹತ್ತು ದಿನದ್ದೇ, ಮೊತ್ತ ಮಾತ್ರ ಬೇರೆ. ಅದು ಅಂದಿಗೆ ತೀರುವ ಲೆಕ್ಕ, ಇಪ್ಪತ್ತು ವರ್ಷ ಬೆನ್ನಟ್ಟುವ ಸಾಲವಲ್ಲ.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ದುಡ್ಡು ಕಳೆದುಕೊಂಡವರಿಗೆ ಏನು?” ಎಂದು ಕೇಳಿದರು. ಮಾತು ಮುಟ್ಟಬೇಕಾದ ಜಾಗ ಅದೇ ಆಗಿತ್ತು. 1998ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಬೇಕೆಂದು ಹೇಳಿದಾಗ, ಅದರಲ್ಲಿ ಊಟ ಬಟ್ಟೆಯ ಖರ್ಚು ಮುರಿದುಕೊಳ್ಳಲು ಅವಕಾಶ ಕೊಟ್ಟಿತಾದರೂ, ಒಂದು ಭಾಗವನ್ನು ಅಪರಾಧದಿಂದ ನೊಂದವರಿಗೆ ತೆಗೆದಿಡುವ ವಿಚಾರವನ್ನೂ ಮುಂದಿಟ್ಟಿತು. ಅಪರಾಧಿಯ ಹಣಕ್ಕೆ ಮೊದಲ ಹಕ್ಕುದಾರರು ಅವರು.

ಇಲಿನಾಯ್ ರಾಜ್ಯ 2019ರಲ್ಲಿ ಈ ವಸೂಲಿಯನ್ನು ಪೂರ್ತಿ ಕೈಬಿಟ್ಟಿತು. ಕನೆಕ್ಟಿಕಟ್ 2022ರಲ್ಲಿ ಅದನ್ನು ಕೊಲೆಯಂಥ ಘೋರ ಅಪರಾಧಗಳಿಗೆ ಸೀಮಿತಗೊಳಿಸಿ, ಆಗಲೂ ಮೊದಲ 50,000 ಡಾಲರ್ ಆಸ್ತಿಯನ್ನು ಮುಟ್ಟಬಾರದೆಂದು ತಿದ್ದಿತು. ಇದನ್ನು ಹೇಳಿದಾಗ ಚಿಕ್ಕಪ್ಪ ಮೆಟ್ಟುಗತ್ತಿಯ ಮುಂದಿನ ಅಡಿಕೆ ರಾಶಿಯನ್ನು ನೋಡುತ್ತಾ, ನಮ್ಮಲ್ಲಾದರೆ ಒಂದು ಸಂಸಾರಕ್ಕೆ ಎಷ್ಟು ಗುಂಟೆ ತೋಟವನ್ನು ಮುಟ್ಟದೆ ಬಿಡಬೇಕಾದೀತೆಂದು ಕೇಳಿದರು. ಸುಲಿಯುತ್ತಿದ್ದವರಲ್ಲಿ ಒಬ್ಬಾಕೆ ಕೈ ನಿಲ್ಲಿಸಿ, ತನಗಿರುವ ಇಪ್ಪತ್ತು ಗುಂಟೆಯಲ್ಲಿ ಒಂದು ಗುಂಟೆಯನ್ನೂ ಬಿಟ್ಟುಕೊಡಲು ಆಗದು ಎಂದಳು.