ಆರು ಗುಂಟೆಯ ರಜೆ

"ಶನಿವಾರ ಊರಾಚೆ ಹೋಗಿ ಆರಾಮಾಗಿ ಇದ್ದು ಬರೋಣ" ಅಂತ ಕರೆದ ಸಹೋದ್ಯೋಗಿ, ಬಾಗಿಲ ಹತ್ತಿರ ಹೋದವಳು ತಿರುಗಿ ನಿಂತು ನನ್ನ ಕಾಲಿನ ಅಳತೆ ಕೇಳಿದಳು. ರಬ್ಬರ್ ಬೂಟಿಗಂತೆ. ಆರಾಮಾಗಿರೋದಕ್ಕೆ ರಬ್ಬರ್ ಬೂಟು ಯಾಕೆ ಬೇಕು ಅಂತ ಆಗ ನನಗೆ ಹೊಳೆಯಲಿಲ್ಲ.

ಕೊರೋನಾಕ್ಕೂ ಮುಂಚಿನ ಮಾತಿದು. ಕಂಪನಿ ಕೆಲಸದ ಮೇಲೆ ಮಾಸ್ಕೋದಲ್ಲಿದ್ದೆ. ಸೆಪ್ಟೆಂಬರ್ ಕೊನೆ. ಬೆಳಿಗ್ಗೆ ಬಾಯಿಂದ ಹೊಗೆ ಬರುವಷ್ಟು ಚಳಿ, ಮಧ್ಯಾಹ್ನ ಸ್ವೆಟರ್ ಬಿಚ್ಚಬೇಕು ಅನ್ನಿಸುವ ಬಿಸಿಲು. ಬರ್ಚ್ ಮರಗಳ ಎಲೆ ಅರಿಶಿನ ಬಣ್ಣಕ್ಕೆ ತಿರುಗಿತ್ತು. ಈ ಬರ್ಚ್ ಮರವನ್ನು ನಾನು ಮೊದಲು ಕಂಡಿದ್ದು ಚಿಕ್ಕವನಿದ್ದಾಗ, ನವಕರ್ನಾಟಕದ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಸೋವಿಯತ್ ಮಕ್ಕಳ ಪುಸ್ತಕಗಳಲ್ಲಿ. ಬಿಳಿ ಕಾಂಡ, ಅದರ ಮೇಲೆ ಅಲ್ಲಲ್ಲಿ ಕಪ್ಪು ಗೀಟು. ಚಿತ್ರ ಬರೆದವನಿಗೆ ಬಣ್ಣ ಹಚ್ಚಲು ಸೋಮಾರಿತನ ಅಂದುಕೊಂಡಿದ್ದೆ. ಮರ ನಿಜಕ್ಕೂ ಹಾಗೇ ಇದೆ!

ಇವರ ಆರಾಮ ಎಂಥದ್ದು ಅಂತ ಹಿಂದಿನ ಸಂಜೆಯೇ ನನಗೊಂದು ಸುಳಿವು ಸಿಕ್ಕಿತ್ತು. ಮಾಸ್ಕೋ ಕನ್ಸರ್ವೇಟರಿಯ, ಅಂದರೆ ಸಂಗೀತ ಕಾಲೇಜಿನ, ದೊಡ್ಡ ಸಭಾಂಗಣಕ್ಕೆ ಕಛೇರಿ ಕೇಳಲು ಹೋಗಿದ್ದೆ. 1901ರಲ್ಲಿ ತೆರೆದದ್ದು. ಅಂಗಳದಲ್ಲಿ ಚೈಕೋವ್‌ಸ್ಕಿ ಪ್ರತಿಮೆ, ಒಳಗೆ ಗೋಡೆಗಳ ಮೇಲೆ ಸಂಗೀತಗಾರರ ಭಾವಚಿತ್ರಗಳು. ಆ ಸಂಗೀತದ ಬಗ್ಗೆ ಹೇಳುವಷ್ಟು ನನಗೆ ತಿಳಿಯದು. ಕೋಟಿನ ಬಗ್ಗೆ ಹೇಳಬಲ್ಲೆ. ಕೋಟು ಹಾಕಿಕೊಂಡು ಸಭಾಂಗಣದ ಒಳಗೆ ಹೋಗುವ ಹಾಗಿಲ್ಲ. ಗಾರ್ದೆರೋಬ್‌ನಲ್ಲಿ ಕೊಟ್ಟು ನಂಬರಿನ ಬಿಲ್ಲೆ ಇಸ್ಕೊಳ್ಳಬೇಕು. ಅಲ್ಲಿದ್ದ ಅಜ್ಜಿ ನನ್ನ ಜಾಕೆಟ್ಟಿನ ಕಾಲರ್ ಒಳಗೆ ಬೆರಳಾಡಿಸಿ ಕೊಕ್ಕೆಗೆ ನೇತುಹಾಕುವ ಕುಣಿಕೆ ಹುಡುಕಿದರು. ಬೆಂಗಳೂರಲ್ಲಿ ಕೊಂಡ ಜಾಕೆಟ್ಟು, ಕುಣಿಕೆ ಎಲ್ಲಿಂದ ಬರಬೇಕು? ಅವರು ನನ್ನನ್ನು, ಜಾಕೆಟ್ಟನ್ನು, ಮತ್ತೆ ನನ್ನನ್ನು ನೋಡಿ, ಇವನನ್ನು ಬೆಳೆಸಿದವರು ಯಾರೋ ಅನ್ನುವ ಹಾಗೆ ಗೊಣಗಿದರು.

ಕಛೇರಿ ಮುಗಿದಾಗ ಚಪ್ಪಾಳೆ. ಮೊದಲು ಎಲ್ಲ ಕಡೆಯಂತೆಯೇ ಚದುರಿದ ಚಪ್ಪಾಳೆ. ಸ್ವಲ್ಪ ಹೊತ್ತಿಗೆ ಯಾರೂ ಹೇಳಿಕೊಡದೆ ಇಡೀ ಸಭೆ ಒಂದೇ ತಾಳಕ್ಕೆ ಬಿತ್ತು. ನಿಲ್ಲಿಸುವ ಮಾತೇ ಇಲ್ಲ. ಅಂಗೈ ಉರಿಯತೊಡಗಿತು. ಪಕ್ಕದಲ್ಲಿದ್ದ ಮುದುಕರು ದುಡಿಯುವವರ ಮುಖದಲ್ಲೇ ತಟ್ಟುತ್ತಿದ್ದರು.

ಶನಿವಾರ ಬೆಳಿಗ್ಗೆ ಮೆಟ್ರೋ ಬಾಗಿಲಲ್ಲಿ ಹೂ ಕೊಂಡೆ. ಮನೆಗೆ ಕರೆದವರಲ್ಲಿಗೆ ಬರಿಗೈಲಿ ಹೋಗಬಾರದಲ್ವಾ. ಹೂವಿನವಳು ಎಣಿಸಿ ಏಳು ಸೇವಂತಿಗೆ ಕಟ್ಟಿದಳು. ಇನ್ನೊಂದು ಹಾಕು ಅಂತ ಬೆರಳು ತೋರಿಸಿದರೆ ಗಾಬರಿಯಿಂದ ತಲೆ ಅಲ್ಲಾಡಿಸಿದಳು. ಸಮಸಂಖ್ಯೆಯ ಹೂ ಅಲ್ಲಿ ಸತ್ತವರಿಗೆ ಮಾತ್ರ. ನಾವು ಮುಯ್ಯಿ ಕವರಿನಲ್ಲಿ ನೂರರ ಮೇಲೆ ಒಂದು ರೂಪಾಯಿ ಇಡುವ ಹಾಗೆ ಅವರಿಗೆ ಹೂವಿನಲ್ಲಿ ಬೆಸ ಸಂಖ್ಯೆಯೇ ಆಗಬೇಕು.

ಯಾರೊಸ್ಲಾವ್‌ಸ್ಕಿ ಸ್ಟೇಷನ್ನಿನಲ್ಲಿ ಸಹೋದ್ಯೋಗಿ ಮತ್ತು ಅವಳ ಗಂಡ ಕಾಯುತ್ತಿದ್ದರು. ವ್ಲಾದಿವೋಸ್ತೋಕ್‌ಗೆ ರೈಲು ಹೊರಡುವುದು ಇಲ್ಲಿಂದಲೇ, 9288 ಕಿಲೋಮೀಟರ್ ದೂರ. ನಾವು ಹೋಗಬೇಕಿದ್ದದ್ದು ಸೆರ್ಗಿಯೆವ್ ಪೊಸಾದ್ ಕಡೆಗೆ, ಗಂಟೆ ಚಿಲ್ಲರೆ ದಾರಿ. ಅದಕ್ಕೆ ಎಲೆಕ್ತ್ರಿಚ್ಕಾ, ಅಂದರೆ ಲೋಕಲ್ ರೈಲು. ಡಬ್ಬಿಯ ತುಂಬ ಬುಟ್ಟಿ, ಬಕೆಟ್ಟು, ಗುದ್ದಲಿ, ಬ್ಯಾಗಿನಿಂದ ತಲೆ ಹೊರಹಾಕಿದ ಬೆಕ್ಕು. ಸಾಕ್ಸು, ಟಾರ್ಚು, ಅಂಟು ಮಾರುವವರು ಒಬ್ಬರ ಹಿಂದೆ ಒಬ್ಬರು ಬಂದು ಭಾಷಣ ಮಾಡಿ ಹೋಗುತ್ತಿದ್ದರು. ಯಾರ ಮುಖದಲ್ಲೂ ನಗು ಇಲ್ಲ. ರಷ್ಯನ್ನರು ಬೀದಿಯಲ್ಲಿ ನಗುವುದಿಲ್ಲ ಅಂತ ಕೇಳಿದ್ದೆ, ನಿಜ. ಆದರೆ ಅದು ಸಿಟ್ಟಲ್ಲ. ಗುರುತಿಲ್ಲದವರಿಗೆ ಸುಮ್ನೆ ಯಾಕೆ ಹಲ್ಲು ಕಿರಿಯಬೇಕು ಅನ್ನುವ ಲೆಕ್ಕ. ಸರಿಯಾಗಿಯೇ ಇದೆ ಅನ್ನಿಸಿತು.

ಅವರ ದಾಚಾ ಅಂದರೆ ಒಂದು ಮರದ ಮನೆ, ಸುತ್ತ ಬೇಲಿ, ಅದರೊಳಗೆ ಒಂದು ಅಂಗೈ ಜಾಗವನ್ನೂ ಬಿಡದೆ ಏನಾದರೊಂದು ಬೆಳೆ. ಆಲೂಗಡ್ಡೆ, ಎಲೆಕೋಸು, ಬೀಟ್‌ರೂಟು, ಕುಂಬಳ, ಕಪ್ಪು ದ್ರಾಕ್ಷಿಯಂಥ ಸ್ಮೊರೋದಿನಾ ಪೊದೆಗಳು, ಮೂಲೆಯಲ್ಲಿ ಹಣ್ಣು ಸುರಿಸುತ್ತಿದ್ದ ಆಂತೋನೊವ್ಕಾ ಸೇಬಿನ ಮರ. ಜಾಗ ಎಷ್ಟಿದೆ ಅಂತ ಕೇಳಿದೆ. ಆರು ಸೋತ್ಕಾ ಅಂದರು. ಒಂದು ಸೋತ್ಕಾ ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆ 101 ಚದರ ಮೀಟರ್. ಅಂದರೆ ಹೆಚ್ಚುಕಡಿಮೆ ಆರು ಗುಂಟೆ! ಇಷ್ಟು ದೂರ ಬಂದು ಜಮೀನಿನ ಲೆಕ್ಕ ಇಷ್ಟು ಸಲೀಸಾಗಿ ತಲೆಗೆ ಹೋಗುತ್ತದೆ ಅಂತ ಯಾರಿಗೆ ಗೊತ್ತಿತ್ತು? ಸೋವಿಯತ್ ಕಾಲದಲ್ಲಿ ಕಾರ್ಖಾನೆ, ಕಚೇರಿಗಳ ಮೂಲಕ ನೌಕರರಿಗೆ ಹಂಚಿದ್ದು ಸಾಮಾನ್ಯವಾಗಿ ಇಷ್ಟೇ ಜಾಗ. ಸುತ್ತಲಿನ ಎಲ್ಲ ಬೇಲಿಗಳ ಒಳಗೂ ಅದೇ ಆರು.

ಬಾಗಿಲು ತೆಗೆದ ಅಜ್ಜಿ ಸಹೋದ್ಯೋಗಿಯ ತಾಯಿ. ನಾನು ಹೊಸ್ತಿಲ ಆಚೆಯಿಂದಲೇ ಕೈ ಚಾಚಿದರೆ ಅವರು ಕುಲುಕಲಿಲ್ಲ. ತೋಳು ಹಿಡಿದು ಒಳಗೆ ಎಳೆದುಕೊಂಡು ಆಮೇಲೆ ಕುಲುಕಿದರು. ಹೊಸ್ತಿಲ ಮೇಲೆ ಕೈ ಕುಲುಕಿದರೆ ಜಗಳ ಬರುತ್ತದಂತೆ. ಸೇವಂತಿಗೆ ಎಣಿಸಿ ನೋಡಿದರು. ಏಳು. ಮುಖ ಅರಳಿತು. ನಂತರ ನನ್ನ ಕೈಗೆ ಒಂದು ಬುಟ್ಟಿ, ಒಂದು ಚಾಕು ಕೊಟ್ಟರು. ಕಾಫಿ ಇಲ್ಲ, ಕೂತ್ಕೋ ಅಂತಿಲ್ಲ.

ಅಣಬೆಗೆ! ರಾತ್ರಿ ಮಳೆಯಾಗಿದೆ, ತಡ ಮಾಡಿದರೆ ಪಕ್ಕದ ಬೇಲಿಯವರು ಮೊದಲು ಹೋಗುತ್ತಾರೆ ಅನ್ನುವ ಆತುರ. ಕಾಡು ಮನೆಯ ಹಿಂದೆಯೇ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಮರೆಯಾದ ತಕ್ಷಣ "ಆ-ಊ" ಅಂತ ಕೂಗಬೇಕು, ಇನ್ನೊಬ್ಬರು "ಆ-ಊ" ಅಂತ ಓಗೊಡಬೇಕು. ದಾರಿ ತಪ್ಪದಿರಲಿ ಅಂತ. ಅಜ್ಜಿ ನನ್ನನ್ನು ತಮ್ಮ ಜೊತೆಗೇ ಇಟ್ಟುಕೊಂಡರು. ಕೆಂಪು ಕೊಡೆಯ ಮೇಲೆ ಬಿಳಿ ಚುಕ್ಕಿಯಿದ್ದ ಚೆಂದದ ಅಣಬೆ ಕಂಡು ನಾನು ಬಗ್ಗಿದರೆ ಕೋಲಿನಿಂದ ಕೈ ತಡೆದರು. ವಿಷ. ಆಮೇಲೆ ಫರ್ ಮರದ ಬುಡದಲ್ಲಿ ಎಲೆ ಸರಿಸಿ ತೋರಿಸಿದರು. ಬನ್ನಿನ ಬಣ್ಣದ ತಲೆ, ದಪ್ಪ ಬಿಳಿ ಕಾಲು. ಇದು ಬೆಲಿ, ಅಣಬೆಗಳಲ್ಲೇ ದೊಡ್ಡಣ್ಣ. ಕೊಡೆಯ ಕೆಳಗೆ ಮಡಿಕೆಗಳಿಲ್ಲ, ಸ್ಪಂಜಿನಂಥ ಸಣ್ಣ ಸಣ್ಣ ರಂಧ್ರ. ಚಾಕುವಿನಿಂದ ಕೊಯ್ದು ನನ್ನ ಕಣ್ಣ ಮುಂದೆ ಹಿಡಿದು ಕಾದರು. ಕೊಯ್ದ ಜಾಗ ಬೆಳ್ಳಗೇ ಉಳಿಯಿತು. ಇದನ್ನೇ ಹೋಲುವ ಇನ್ನೊಂದಿದೆಯಂತೆ, ಕೊಯ್ದರೆ ತಿಳಿಗೆಂಪಾಗುತ್ತದೆ. ಒಂದೇ ಒಂದು ಸೇರಿದರೂ ಇಡೀ ಬಾಣಲೆ ಕಹಿ. ಕೊಯ್ದ ಜಾಗದ ಮೇಲೆ ಅಜ್ಜಿ ಪಾಚಿ ಎಳೆದು ಮುಚ್ಚಿದರು. ಬುಡ ಒಣಗದಿರಲಿ ಅಂತಲೋ, ಪಕ್ಕದ ಬೇಲಿಯವರಿಗೆ ಜಾಗ ಗೊತ್ತಾಗದಿರಲಿ ಅಂತಲೋ? ಎರಡನೆಯದೇ ಇರಬೇಕು ಅಂತ ನನ್ನ ಅನುಮಾನ.

ಹಿಂತಿರುಗಿದ ಮೇಲಾದರೂ ಕೂರಬಹುದು ಅಂದುಕೊಂಡೆ. ಆಲೂಗಡ್ಡೆಯ ಕೊನೆಯ ಸಾಲು ಕೀಳುವುದು ಬಾಕಿ ಇತ್ತು. ಅದಾದ ಮೇಲೆ ಅಣಬೆ ಬಿಡಿಸಿ ಹುಳ ನೋಡುವುದು. ನಂತರ ಸೇಬು ಆರಿಸುವುದು. ಅಜ್ಜಿಯ ಅಳಿಯ ಬೆಳಿಗ್ಗೆಯಿಂದ ಬಾನ್ಯಾ, ಅಂದರೆ ಆವಿಸ್ನಾನದ ಕೋಣೆಯ ಒಲೆಗೆ ಸೌದೆ ಒಟ್ಟುವುದು, ಸೌದೆ ಸೀಳುವುದು, ಮತ್ತೆ ಒಟ್ಟುವುದು. ವಾರವಿಡೀ ಕಂಪ್ಯೂಟರ್ ಮುಂದೆ ಬೆನ್ನು ಬಗ್ಗಿಸಿ ಕೂರುವ ಮನುಷ್ಯ ಅವನು. ನಡುವೆ ಒಮ್ಮೆ ಕೊಡಲಿ ನೆಟ್ಟು, ಬೆವರು ಒರೆಸಿಕೊಂಡು, "ಚೆನ್ನಾಗಿ ರೆಸ್ಟ್ ಆಗ್ತಿದೆಯಾ?" ಅಂತ ನನ್ನನ್ನು ಕೇಳಿದ. ತಮಾಷೆ ಮಾಡುತ್ತಿದ್ದಾನೆ ಅಂತ ಮುಖ ನೋಡಿದೆ. ಇಲ್ಲ, ನಿಜವಾಗಿಯೇ ಕೇಳುತ್ತಿದ್ದ.

ಇಷ್ಟೊಂದು ದುಡಿಮೆ ಯಾಕೆ ಅನ್ನುವುದಕ್ಕೆ ಉತ್ತರ ಸಿಕ್ಕಿದ್ದು ನೆಲಮಾಳಿಗೆಯಲ್ಲಿ. ಆಲೂಗಡ್ಡೆ ಚೀಲ ಇಳಿಸಲು ಅಜ್ಜಿಯ ಹಿಂದೆ ಏಣಿ ಇಳಿದೆ. ಟಾರ್ಚ್ ಬೆಳಕಿಗೆ ಗೋಡೆಯುದ್ದಕ್ಕೂ ಮೂರು ಲೀಟರಿನ ಗಾಜಿನ ಜಾಡಿಗಳು. ಸಬ್ಬಸಿಗೆ ಹೂವಿನ ಗೊಂಚಲು, ಸ್ಮೊರೋದಿನಾ ಎಲೆ, ಬೆಳ್ಳುಳ್ಳಿ ಹಾಕಿದ ಸೌತೆಕಾಯಿ ಉಪ್ಪಿನಕಾಯಿ, ಟೊಮ್ಯಾಟೊ, ಎಲೆಕೋಸು, ಅಣಬೆ, ಹಣ್ಣಿನ ಪಾಕ. ಇಷ್ಟನ್ನು ಯಾರು ತಿನ್ನುತ್ತಾರೆ? ಮಗಳು ತಲೆಯ ಮೇಲಿಂದ ಬಗ್ಗಿ ನೋಡುತ್ತಾ ನಕ್ಕಳು. ಸೂಪರ್‌ಮಾರ್ಕೆಟ್ಟಿನಲ್ಲಿ ಎಲ್ಲ ಸಿಗುತ್ತದೆ, ಅಮ್ಮ ಕೇಳಲ್ಲ ಅಂದಳು. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೂ ಮಗಳು ಏನು ಹೇಳಿದಳು ಅಂತ ಅರ್ಥವಾಯಿತು. ತೊಂಬತ್ತೆರಡು ಅಂದರು. ಅಷ್ಟೇ. ಸೋವಿಯತ್ ಒಕ್ಕೂಟ ಮುರಿದದ್ದು 1991ರ ಡಿಸೆಂಬರಿನಲ್ಲಿ. ಮುಂದಿನ ಜನವರಿಯಲ್ಲಿ ಸರ್ಕಾರ ಬೆಲೆಗಳ ಮೇಲಿನ ಹಿಡಿತ ಬಿಟ್ಟಿತು. ಜನ ಬ್ಯಾಂಕಿನಲ್ಲಿಟ್ಟಿದ್ದ ಉಳಿತಾಯ ನೋಡನೋಡುತ್ತಾ ಕರಗಿತು. ಆ ವರ್ಷಗಳಲ್ಲಿ ಎಷ್ಟೋ ಕಡೆ ಸಂಬಳ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಆಗ ಈ ಮನೆಯನ್ನು ಸಾಕಿದ್ದು ಈ ಆರು ಗುಂಟೆ ಮತ್ತು ಈ ಜಾಡಿಗಳು. ಮಗಳಿಗೆ ಆಗ ಏಳೋ ಎಂಟೋ ವರ್ಷ. ಅವಳಿಗೆ ನೆನಪಿರುವುದು ಆಲೂಗಡ್ಡೆಯ ಮೇಲಿನ ಬೇಸರ ಮಾತ್ರ. ತಾಯಿ ಮಗಳಿಬ್ಬರೂ ಅದೇ ಸಾಲಿನಲ್ಲಿ ಆಲೂಗಡ್ಡೆ ಕಿತ್ತಿದ್ದರು. ಮಗಳದು ವೀಕೆಂಡು, ತಾಯಿಯದು ಅಲ್ಲ.

ಸಂಜೆ ಬಾನ್ಯಾ. ಹಿತ್ತಲ ತುದಿಯಲ್ಲಿ ಮರದ ಪುಟ್ಟ ಕೋಣೆ, ಒಳಗೆ ಕಲ್ಲು ಪೇರಿಸಿದ ಒಲೆ. ಥರ್ಮಾಮೀಟರು 80 ದಾಟಿತ್ತು. ಮೈಮೇಲೆ ಬಟ್ಟೆ ಇಲ್ಲ, ತಲೆಗೆ ಮಾತ್ರ ದಪ್ಪ ಉಣ್ಣೆಯ ಟೋಪಿ! ತಲೆ ಕಾಯದಿರಲಿ ಅಂತ ಅದು. ಅಳಿಯ ಸೌಟಿನಲ್ಲಿ ನೀರೆತ್ತಿ ಕಲ್ಲಿನ ಮೇಲೆ ಎರಚಿದ. ಚೊಂಯ್ ಅಂತ ಸದ್ದು. ಆವಿ ಕಾಣಲಿಲ್ಲ. ಕಿವಿಯ ತುದಿಗೆ ತಾಗಿದಾಗಲೇ ಬಂದಿದ್ದು ಗೊತ್ತಾಗಿದ್ದು. ಮೂಗಿನಿಂದ ಉಸಿರೆಳೆದರೆ ಮೂಗೇ ಸುಡುತ್ತದೆ. ಮೇಲಿನ ಹಲಗೆಯ ಮೇಲೆ ಬೋರಲು ಮಲಗಿಸಿ, ಬಿಸಿನೀರಲ್ಲಿ ನೆನೆಸಿದ ಬರ್ಚ್ ಸೊಪ್ಪಿನ ಕಟ್ಟಿನಿಂದ ಹೊಡೆಯತೊಡಗಿದ. ಬೇಸಿಗೆಯ ಮೊದಲಲ್ಲಿ ಎಲೆ ಇನ್ನೂ ಎಳೆಯದಾಗಿರುವಾಗ ಕಡಿದು, ನೆರಳಲ್ಲಿ ಒಣಗಿಸಿ ಇಟ್ಟ ಕಟ್ಟು. ಹೊಡೆತ ಅಂದರೆ ನೋವಾಗುವ ಹೊಡೆತ ಅಲ್ಲ. ಮೊದಲು ಎಲೆಗಳಿಂದ ಬಿಸಿಗಾಳಿ ಬೀಸಿ, ಬೆನ್ನಿಗೆ ಒತ್ತಿ ಹಿಡಿದು, ಆಮೇಲೆ ಪಟಪಟ. ಮಳೆ ಬಿದ್ದ ಕಾಡಿನ ವಾಸನೆ ತುಂಬಿತು. ಇನ್ನು ಆಗಲ್ಲ ಅನ್ನುವ ಹೊತ್ತಿಗೆ ಹೊರಗೆ ಎಳೆದೊಯ್ದು ಬಾವಿಯ ತಣ್ಣೀರನ್ನು ಒಂದು ಬಕೆಟ್ ತಲೆ ಮೇಲೆ ಸುರಿದ. ನಾನು ಕೂಗಿದ ಸದ್ದಿಗೆ ಪಕ್ಕದ ಬೇಲಿಯಾಚೆಯಿಂದ ಯಾರೋ ನಕ್ಕರು. ಬೀದಿಯಲ್ಲಿ ನಗದ ಜನ!

ಮತ್ತೆ ಒಳಗೆ, ಮತ್ತೆ ಹೊರಗೆ. ಬರಬರುತ್ತಾ ಮಂಡಿ, ಸೊಂಟ, ಬೆಳಿಗ್ಗೆಯ ಗುದ್ದಲಿ ಎಲ್ಲ ಮರೆತುಹೋಯಿತು. ದಿನವಿಡೀ ದುಡಿಯದೆ ಸುಮ್ನೆ ಬಂದು ಇಲ್ಲಿ ಕೂತಿದ್ದರೆ ಇದರ ಅರ್ಧದಷ್ಟೂ ಸುಖ ಸಿಗುತ್ತಿರಲಿಲ್ಲ.

ಮೇಜಿನ ಮೇಲೆ ಈರುಳ್ಳಿ, ಸ್ಮೆತಾನಾ ಅನ್ನುವ ಹುಳಿ ಕೆನೆ ಹಾಕಿ ಹುರಿದ ಅಣಬೆ, ಬೇಯಿಸಿದ ಆಲೂಗಡ್ಡೆ. ಎಲ್ಲದರ ಮೇಲೂ ಸಬ್ಬಸಿಗೆ ಸೊಪ್ಪು. ಸಸ್ಯಾಹಾರಿ ರಷ್ಯಾದಲ್ಲಿ ಉಪವಾಸ ಸಾಯುತ್ತಾನೆ ಅಂತ ಹೆದರಿಸಿದ್ದವರು ಯಾರೂ ದಾಚಾಗೆ ಹೋಗಿರಲಿಕ್ಕಿಲ್ಲ. ವೋಡ್ಕಾ ಇತ್ತು, ಆದರೆ ಕುಡಿದದ್ದಕ್ಕಿಂತ ಪ್ರತಿ ಸುತ್ತಿಗೂ ಮಾಡಿದ ಭಾಷಣವೇ ಜಾಸ್ತಿ. ಖಾಲಿಯಾದ ಬಾಟಲಿಯನ್ನು ಮೇಜಿನ ಮೇಲೆ ಬಿಡದೆ ನೆಲಕ್ಕೆ ಇಳಿಸಿದರು. ಅದೂ ಶಕುನ. ನಂತರ ಚಹಾ. ಪುಟ್ಟ ಕೆಟಲಿನಲ್ಲಿ ಗಟ್ಟಿ ಡಿಕಾಕ್ಷನ್, ಲೋಟಕ್ಕೆ ಸ್ವಲ್ಪ ಸುರಿದು ಮೇಲೆ ಬಿಸಿನೀರು. ಹಾಲಿಲ್ಲ. ಜೊತೆಗೆ ತಟ್ಟೆಯಲ್ಲಿ ಹಣ್ಣಿನ ಪಾಕ, ಬ್ರೆಡ್ಡಿಗೆ ಹಚ್ಚಿಕೊಳ್ಳದೆ ಹಾಗೇ ಚಮಚದಲ್ಲಿ ತಿನ್ನಬೇಕು.

ಹೊರಡುವಾಗ ಎಲ್ಲರೂ ಒಂದು ಗಳಿಗೆ ಮಾತಿಲ್ಲದೆ ಕೂತರು. ಪ್ರಯಾಣಕ್ಕೆ ಮುಂಚೆ ಹಾಗೆ ಕೂರಬೇಕು. ಇಡೀ ದಿನದಲ್ಲಿ ಆ ಮನೆಯವರು ಏನೂ ಮಾಡದೆ ಕೂತಿದ್ದನ್ನು ನಾನು ನೋಡಿದ್ದು ಆಗಲೇ. ಅಜ್ಜಿ ನನ್ನ ಕೈಗೆ ಸೌತೆಕಾಯಿ ಜಾಡಿ ಕೊಟ್ಟು, ಮಗಳ ಕಡೆ ತಿರುಗಿ ಗಂಭೀರವಾಗಿ ಏನೋ ಹೇಳಿದರು. ಆಶೀರ್ವಾದ ಇರಬೇಕು ಅಂದುಕೊಂಡೆ. "ಜಾಡಿ ವಾಪಸ್ ಬೇಕಂತೆ" ಅಂದಳು ಮಗಳು.

ಖಾಲಿ ಜಾಡಿ ವಾಪಸ್ ಕೊಡಬಾರದು ಅನ್ನುವುದು ಅವರಲ್ಲೂ ಇದೆ, ನಮ್ಮಲ್ಲೂ ಇದೆ. ಊರಿಂದ ತಂದಿದ್ದ ಚಕ್ಕುಲಿ ಒಂದು ಡಬ್ಬ ಉಳಿದಿತ್ತು. ಮುರಿದು ಮುರಿದು ಜಾಡಿಗೆ ತುಂಬಿ ಕಳಿಸಿದೆ. ಸೋಮವಾರ ಸಹೋದ್ಯೋಗಿ ಅಜ್ಜಿಯ ಪ್ರಶ್ನೆ ಹೊತ್ತು ತಂದಳು. ಚೆನ್ನಾಗಿದೆ, ಆದರೆ ಇದನ್ನು ತಿನ್ನಬೇಕಾದದ್ದು ಚಹಾದ ಜೊತೆಗೋ, ವೋಡ್ಕಾದ ಜೊತೆಗೋ?